ಆತಂಕದ ಕಾಯಿಲೆ: ಸೇನೆಯಿಂದ ಅವಧಿಪೂರ್ವ ಬಿಡುಗಡೆ ಮತ್ತು ಮರುಭರ್ತಿ

ಆತಂಕದ ಕಾಯಿಲೆಯಿಂದಾಗಿ ಸೇವಾವಧಿ ಮುಗಿಯುವ ಮುನ್ನವೇ ಸೇನೆಯಿಂದ ಹೊರಬಂದವರು ಮತ್ತೆ ಭರ್ತಿಯಾಗಲು ನಡೆಸುವ ಪ್ರಯತ್ನ ಮತ್ತು ಅದಕ್ಕೆ ಸಂಬಂಧಿಸಿದ ಕಾನೂನು, ವೈದ್ಯಕೀಯ ಹಾಗೂ ಪಿಂಚಣಿ ವ್ಯವಸ್ಥೆ ಈ ಲೇಖನದ ವಿಷಯ. ಭಾರತದಲ್ಲಿ ಇದಕ್ಕೆಂದೇ ರೂಪಿಸಿದ ಕಾಯಿದೆ ಇಲ್ಲ. ಸೇನಾ ಅಧಿನಿಯಮ 1950, ಸೇನಾ ನಿಯಮಗಳು 1954, ವೈದ್ಯಕೀಯ ಮಂಡಳಿಗಳ ನಡಾವಳಿ, ಪಿಂಚಣಿಯ ಅರ್ಹತಾ ನಿಯಮಗಳು, ನ್ಯಾಯಾಲಯಗಳ ತೀರ್ಪುಗಳು ಇವೆಲ್ಲವನ್ನೂ ಕೂಡಿಸಿ ಓದಿದರೆ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ. ಮಿಲಿಟರಿಯಿಂದ ಹೀಗೆ ಮರಳಿದವರನ್ನು ‘ಬೋರ್ಡ್ ಔಟ್ ಆದವರು’ ಎಂದು ಒಟ್ಟಾಗಿ ಕರೆಯುವುದು ರೂಢಿ. ಆದರೆ ಅವರೆಲ್ಲರೂ ಬೋರ್ಡಿನ ಮೂಲಕವೇ ಹೊರಬಂದಿರುವುದಿಲ್ಲ. ಮುಂದಿನ ದಾರಿ ತೆರೆದಿದೆಯೇ ಮುಚ್ಚಿದೆಯೇ ಎಂಬುದು ಕಾಯಿಲೆಗಿಂತ ಹೆಚ್ಚಾಗಿ ಈ ವ್ಯತ್ಯಾಸದ ಮೇಲೆ ನಿಂತಿದೆ.

ಭರ್ತಿಯ ಹಿನ್ನೆಲೆ

ಉದಾಹರಣೆಗೆ ಗದಗ ಜಿಲ್ಲೆಯ ಅಡರಕಟ್ಟಿ ಎಂಬ ಊರನ್ನು ನೋಡಬಹುದು. ಅದು ಮೊದಲು ಶಿರಹಟ್ಟಿ ತಾಲ್ಲೂಕಿನಲ್ಲಿತ್ತು. ಲಕ್ಷ್ಮೇಶ್ವರ ಪ್ರತ್ಯೇಕ ತಾಲ್ಲೂಕಾದ ಮೇಲೆ ಅದಕ್ಕೆ ಸೇರಿತು. ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯುವ, ಮಳೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ತಿಂಗಳ ಪಗಾರ ತರುವ ನೌಕರಿಗೆ ಇರುವ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಸಿಲುಕಿ, ಬದುಕಿ ಹೊರಬಂದರೂ ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಆ ದಿನಗಳಲ್ಲಿ ಇಡೀ ಧಾರವಾಡ–ಗದಗ ಭಾಗ ಸೈನಿಕನ ಹೆಸರಿನ ಸುತ್ತ ನೆರೆದಿತ್ತು. ಸೈನಿಕನಿಗೆ ಇಷ್ಟು ಮರ್ಯಾದೆ ಕೊಡುವ ಊರುಗಳಲ್ಲಿ, ಗಾಯವಿಲ್ಲದೆ, ಕೈಕಾಲು ನೆಟ್ಟಗಿದ್ದು, ಎರಡನೇ ವರ್ಷಕ್ಕೇ ಮನೆಗೆ ಬಂದವನು ಪ್ರತಿ ಕಟ್ಟೆಯಲ್ಲೂ ಉತ್ತರ ಹೇಳಬೇಕಾಗುತ್ತದೆ. ಮರುಭರ್ತಿಯ ಹಂಬಲಕ್ಕೆ ದೇಶಪ್ರೇಮದಷ್ಟೇ ಈ ಒತ್ತಡವೂ ಕಾರಣ.

ಭೂಸೇನೆಯ ಭರ್ತಿಗೆ ಗದಗ ಜಿಲ್ಲೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಯಲ್ಲಿದೆ. ಅಗ್ನಿಪಥ ಯೋಜನೆ 2022ರ ಜೂನ್ 14ರಂದು ಪ್ರಕಟವಾಯಿತು. ಅದರಡಿ ಈ ಭಾಗದ ಮೊದಲ ರ್‍ಯಾಲಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಾವೇರಿಯಲ್ಲಿ ನಡೆಯಿತು. 2023ರಿಂದ ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮಾತ್ರ 1.6 ಕಿಲೋಮೀಟರ್ ಓಟ, ಪುಲ್‌ಅಪ್, ವೈದ್ಯಕೀಯ ತಪಾಸಣೆ. ಲಕ್ಷ್ಮೇಶ್ವರ, ಗದಗ, ಧಾರವಾಡದ ಹುಡುಗರು ವರ್ಷಗಟ್ಟಲೆ ಸಿದ್ಧರಾಗುವುದು ಓಟಕ್ಕೆ ಮತ್ತು ಪೇಪರಿಗೆ. ತರಬೇತಿ ಕೇಂದ್ರದ ಮೊದಲ ತಿಂಗಳುಗಳ ನಿದ್ದೆಗೇಡು, ಭಾಷೆ ಬಾರದ ಇಕ್ಕಟ್ಟು, ಮನೆಯ ನೆನಪು ಇವುಗಳಿಗೆ ಯಾರೂ ಸಿದ್ಧ ಮಾಡುವುದಿಲ್ಲ.

ಹೊರಬರುವ ಮೂರು ಬಾಗಿಲು

ಎದೆಬಡಿತ, ಬೆವರು, ಉಸಿರು ಕಟ್ಟಿದಂತಾಗುವುದು, ನಿದ್ದೆ ಬಾರದಿರುವುದು, ಏನೋ ಕೆಟ್ಟದ್ದಾಗುತ್ತದೆಂಬ ಬಿಡದ ಭಯ ಇವು ಆತಂಕದ ಕಾಯಿಲೆಯ ಸಾಮಾನ್ಯ ಲಕ್ಷಣಗಳು. ಹೊಸ ಪರಿಸ್ಥಿತಿಗೆ ಒಗ್ಗಲಾರದೆ ಹುಟ್ಟಿ ಕೆಲವು ತಿಂಗಳಲ್ಲಿ ಇಳಿಯುವ ಹೊಂದಾಣಿಕೆಯ ತೊಂದರೆ ಬೇರೆ, ಬೇರೂರಿದ ಆತಂಕದ ಕಾಯಿಲೆ ಬೇರೆ. ವೈದ್ಯಶಾಸ್ತ್ರದ ವರ್ಗೀಕರಣದಲ್ಲೂ ಅವಕ್ಕೆ ಪ್ರತ್ಯೇಕ ಸಂಕೇತಗಳಿವೆ. ಸೇನಾ ಕಾಗದದಲ್ಲಿ ಯಾವುದು ಬರೆಯಲ್ಪಟ್ಟಿತು ಎಂಬುದು ಮುಂದೆ ತುಂಬ ಮುಖ್ಯವಾಗುತ್ತದೆ.

ಸೈನಿಕನ ಆರೋಗ್ಯವನ್ನು ಸೇನೆ ‘ಶೇಪ್’ ಎಂಬ ಐದು ಅಂಶಗಳ ಪದ್ಧತಿಯಲ್ಲಿ ಅಳೆಯುತ್ತದೆ: ಮನಸ್ಸು, ಶ್ರವಣ, ಕೈಕಾಲು, ದೇಹಸಾಮರ್ಥ್ಯ, ದೃಷ್ಟಿ. ಮೊದಲಕ್ಷರ ‘ಎಸ್’ ಮನಸ್ಸಿನದು. ಪ್ರತಿ ಅಂಶಕ್ಕೂ 1ರಿಂದ 5ರವರೆಗೆ ದರ್ಜೆ; 1 ಎಂದರೆ ಎಲ್ಲ ಕರ್ತವ್ಯಕ್ಕೂ ಯೋಗ್ಯ, 5 ಎಂದರೆ ಸೇನಾ ಸೇವೆಗೇ ಅಯೋಗ್ಯ. ಮಾನಸಿಕ ಚಿಕಿತ್ಸೆ ಪಡೆದವನನ್ನು ಸಾಮಾನ್ಯವಾಗಿ ತಾತ್ಕಾಲಿಕ ಕೆಳದರ್ಜೆಯಲ್ಲಿಟ್ಟು 24 ವಾರಗಳ ನಂತರ ಮತ್ತೆ ನೋಡುತ್ತಾರೆ. ಆತಂಕವಿದ್ದವರೆಲ್ಲ ಹೊರಹೋಗುವುದಿಲ್ಲ. ಚೇತರಿಸಿಕೊಂಡು ‘ಎಸ್–1’ಕ್ಕೆ ಮರಳಿ ಪೂರ್ಣ ಸೇವೆ ಮುಗಿಸುವುದಕ್ಕೂ, ಕೆಳದರ್ಜೆಯಲ್ಲೇ ಆಯುಧವಿಲ್ಲದ ಕೆಲಸದಲ್ಲಿ ಮುಂದುವರಿಯುವುದಕ್ಕೂ ವ್ಯವಸ್ಥೆಯಲ್ಲಿ ಜಾಗವಿದೆ. ಮನೋವೈದ್ಯರ ಮುಂದೆ ಹೋಗುವ ಸೈನಿಕನ ಜೊತೆ ಅವನ ಕಮಾಂಡಿಂಗ್ ಅಧಿಕಾರಿಯ ವರದಿಯೂ ಹೋಗುತ್ತದೆ. ಎಎಫ್‌ಎಂಎಸ್‌ಎಫ್–10 ಎಂಬ ಆ ನಮೂನೆಯಲ್ಲಿ ಅವನ ನಡತೆ, ಕೆಲಸ, ಜೊತೆಗಾರರೊಂದಿಗಿನ ಒಡನಾಟದ ಬಗ್ಗೆ ಬರೆದದ್ದು ರೋಗನಿರ್ಣಯದ ಮೇಲೆ ಪ್ರಭಾವ ಬೀರುತ್ತದೆ.

ಹೊರಹೋಗುವಿಕೆ ಸೇನಾ ನಿಯಮ 13ರ ಪ್ರಕಾರ ನಡೆಯಬೇಕು. ಕಸಮ್ ಪರೇಡ್ ಮುಗಿಸಿ ಪ್ರತಿಜ್ಞೆ ಸ್ವೀಕರಿಸಿದ ಸೈನಿಕನನ್ನು ವೈದ್ಯಕೀಯವಾಗಿ ಅಯೋಗ್ಯನೆಂದು ಕಳಿಸಬೇಕಾದರೆ ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡಿನ ಶಿಫಾರಸು ಕಡ್ಡಾಯ. ಇದು ನಿಜವಾದ ‘ಬೋರ್ಡ್ ಔಟ್’. ಪ್ರತಿಜ್ಞೆಗೆ ಮುನ್ನಿನ ರಿಕ್ರೂಟನನ್ನು ಕಳಿಸಲು ಇಷ್ಟು ಕಟ್ಟುಪಾಡಿಲ್ಲ. ‘ದಕ್ಷ ಸೈನಿಕನಾಗುವ ಸಂಭವವಿಲ್ಲ’ ಎಂದು ತೋರಿದರೂ ಬಿಡುಗಡೆ ಮಾಡಬಹುದು. ಮೂರನೆಯದು ಸ್ವಂತ ಕೋರಿಕೆ. ಆತಂಕದಿಂದ ಬಳಲಿದರೂ ಆಸ್ಪತ್ರೆಗೆ ಹೋಗದೆ, ಮನೆಯ ಕಷ್ಟ ಹೇಳಿಕೊಂಡು ಬಂದವರು ಈ ಗುಂಪಿನವರು. ಇವರ ಕಾಗದದಲ್ಲಿ ಕಾಯಿಲೆಯ ಹೆಸರೇ ಇರುವುದಿಲ್ಲ.

ಕೆಳದರ್ಜೆಯೊಂದನ್ನೇ ನೆಪ ಮಾಡಿ, ಇನ್‌ವ್ಯಾಲಿಡಿಂಗ್ ಬೋರ್ಡ್ ಸೇರಿಸದೆ ಕಳಿಸುವ ಪದ್ಧತಿಯೂ ಒಂದು ಕಾಲಕ್ಕೆ ವ್ಯಾಪಕವಾಗಿತ್ತು. ರಾಜಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ನವೆಂಬರಿನಲ್ಲಿ ಅದನ್ನು ತಪ್ಪೆಂದು ತೀರ್ಮಾನಿಸಿತು.

ಬಿಡುಗಡೆ ಪ್ರಮಾಣಪತ್ರ

ಸೇನಾ ಅಧಿನಿಯಮದ 23ನೇ ಕಲಂ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಹೊರಹೋಗುವ ಪ್ರತಿಯೊಬ್ಬ ಸೈನಿಕನಿಗೂ ಅವನ ತಾಯ್ನುಡಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಸೇವೆ ಕೊನೆಗೊಳಿಸಿದ ಅಧಿಕಾರಿ ಯಾರು, ಕಾರಣವೇನು, ಒಟ್ಟು ಸೇವೆ ಎಷ್ಟು ಎಂಬ ಮೂರು ಸಂಗತಿ ಇರಬೇಕು ಎಂದು ಅದು ಹೇಳುತ್ತದೆ. ಅಂದರೆ ಅಡರಕಟ್ಟಿಯ ಹುಡುಗನಿಗೆ ತನ್ನ ಬಿಡುಗಡೆಯ ಕಾರಣವನ್ನು ಕನ್ನಡದಲ್ಲಿ ಓದುವ ಹಕ್ಕು ಕಾಯಿದೆಯಲ್ಲೇ ಇದೆ. ಈ ಪತ್ರದೊಂದಿಗೆ ವೈದ್ಯಕೀಯ ಮಂಡಳಿಯ ನಡಾವಳಿ, ಅಂದರೆ ಎಎಫ್‌ಎಂಎಸ್‌ಎಫ್–16 ನಮೂನೆಯ ಪ್ರತಿಯನ್ನೂ ಪಡೆಯುವುದು ಜಾಣತನ. ಕಾಯಿಲೆ ಸೇವೆಯಿಂದ ಬಂದದ್ದೇ, ಸೇವೆಯಿಂದ ಉಲ್ಬಣಿಸಿದ್ದೇ, ಅಂಗವೈಕಲ್ಯ ಶೇಕಡಾ ಎಷ್ಟು ಎಂಬುದನ್ನು ಮಂಡಳಿ ಅದರಲ್ಲಿ ಬರೆದಿರುತ್ತದೆ. ಊರಿಗೆ ಬಂದವರು ಟ್ರಂಕಿನ ತಳಕ್ಕೆ ಸೇರಿಸುವ ಕಾಗದ ಸಾಮಾನ್ಯವಾಗಿ ಇದೇ.

ಮರುಭರ್ತಿಗೆ ಇರುವ ಅಡ್ಡಿಗಳು

ಹೊಸದಾಗಿ ಸೇರುವವನು ಎಲ್ಲ ಐದು ಅಂಶಗಳಲ್ಲೂ ಮೊದಲ ದರ್ಜೆಯಲ್ಲಿರಬೇಕು. ಸೇವೆಯಲ್ಲಿದ್ದವನಿಗೆ ದೊರೆಯುವ ತಾತ್ಕಾಲಿಕ ದರ್ಜೆಯ ಸೌಲಭ್ಯ ಬಾಗಿಲಲ್ಲಿ ನಿಂತವನಿಗೆ ಇಲ್ಲ. ಹಿಂದಿನ ಮಾನಸಿಕ ಕಾಯಿಲೆಯ ಇತಿಹಾಸವೂ ತಪಾಸಣೆಯ ಭಾಗ. ಆದ್ದರಿಂದ ಆತಂಕದ ಕಾರಣಕ್ಕೆ ವಿಧಿವತ್ತಾಗಿ ಬೋರ್ಡ್ ಔಟ್ ಆದವರಿಗೆ ಅದೇ ಸೇನೆಯ ಹೊಸ ಭರ್ತಿ ವ್ಯವಹಾರದಲ್ಲಿ ಮುಚ್ಚಿದ ದಾರಿಯೇ ಸರಿ. ರಿಕ್ರೂಟ್ ಹಂತದಲ್ಲೇ, ಕಾಯಿಲೆಯ ನಮೂದಿಲ್ಲದೆ ಬಂದವರ ಸ್ಥಿತಿ ಇಷ್ಟು ಬಿಗಿಯಲ್ಲ. ಆಯಾ ಅಧಿಸೂಚನೆಯ ಷರತ್ತು ಮತ್ತು ಹೊಸ ತಪಾಸಣೆಯ ಫಲಿತಾಂಶ ಅಲ್ಲಿ ನಿರ್ಣಾಯಕ.

ವಯಸ್ಸು ಇನ್ನೊಂದು ಗೋಡೆ. ಅಗ್ನಿಪಥ ಪ್ರಕಟವಾದಾಗ ವಯೋಮಿತಿ 17½ರಿಂದ 21 ಎಂದಿತ್ತು. ಮೊದಲ ವರ್ಷಕ್ಕೆ ಮಾತ್ರ ಅದನ್ನು 23ಕ್ಕೆ ಏರಿಸಿದ್ದರು. ಹತ್ತೊಂಬತ್ತಕ್ಕೆ ಸೇರಿ, ಇಪ್ಪತ್ತಕ್ಕೆ ಹೊರಬಂದು, ಚಿಕಿತ್ಸೆ ಪಡೆದು ಪೂರ್ತಿ ಗುಣವಾಗುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಅವಸರದಲ್ಲಿ ಮಾತ್ರೆ ಬಿಟ್ಟು ಓಟಕ್ಕಿಳಿಯುವವರಿಗೆ ಈ ಲೆಕ್ಕವೇ ಮುಳುವಾಗುತ್ತದೆ.

ಹಳೆಯ ಸೇವೆಯನ್ನು ಮುಚ್ಚಿಟ್ಟು ಹೊಸ ರ್‍ಯಾಲಿಗೆ ಹೋಗುವ ಸಲಹೆಯೂ ಊರಲ್ಲಿ ಧಾರಾಳವಾಗಿ ಸಿಗುತ್ತದೆ. ಭರ್ತಿ ನಮೂನೆಯ ಪ್ರಶ್ನೆಗೆ ಬೇಕೆಂದೇ ಸುಳ್ಳು ಉತ್ತರ ಕೊಟ್ಟರೆ ಸೇನಾ ಅಧಿನಿಯಮದ 44ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಬೆರಳಚ್ಚು, ಆಧಾರ್, ಪೊಲೀಸ್ ಪರಿಶೀಲನೆ ಇರುವ ಈ ದಿನಗಳಲ್ಲಿ ಅದು ಬಯಲಾಗದೆ ಉಳಿಯುತ್ತದೆಂದು ನಂಬುವುದು ಕಷ್ಟ.

ಪ್ರಾದೇಶಿಕ ಸೇನೆ (ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿಗೆ ಸೇರಿದ 115ನೇ ಬೆಟಾಲಿಯನ್, ಕೊಲ್ಹಾಪುರದಲ್ಲಿ ಮರಾಠಾ ಲಘು ಪದಾತಿದಳದ 109ನೇ ಬೆಟಾಲಿಯನ್) ವಯಸ್ಸಿನಲ್ಲಿ ಉದಾರಿ, ಆರೋಗ್ಯದಲ್ಲಿ ಅಲ್ಲ. ಮಾಜಿ ಸೈನಿಕರನ್ನು ಮತ್ತೆ ಸೇರಿಸಿಕೊಳ್ಳುವ ಡಿಫೆನ್ಸ್ ಸೆಕ್ಯುರಿಟಿ ಕೋರ್‌ನ ಕೇಂದ್ರ ಕಣ್ಣೂರಿನಲ್ಲಿದೆ. ಅಲ್ಲಿನ ಕೆಲಸ ಆಯುಧ ಹಿಡಿದು ಕಾವಲು ಕಾಯುವುದಾದ್ದರಿಂದ ‘ಎಸ್’ ಅಂಶದ ಪ್ರಶ್ನೆ ಮತ್ತೆ ಎದುರಾಗುತ್ತದೆ.

ನ್ಯಾಯಾಲಯಗಳ ನಿಲುವು

ಹೊರಗಿನಿಂದ ಮತ್ತೆ ಸೇರುವುದಕ್ಕಿಂತ, ಹೊರಹಾಕಿದ ಆದೇಶವನ್ನೇ ಪ್ರಶ್ನಿಸಿ ಒಳಗೆ ಮರಳುವುದು ಕಾನೂನಿನ ದೃಷ್ಟಿಯಿಂದ ಗಟ್ಟಿ ದಾರಿ. ವೀರ್‌ಪಾಲ್ ಸಿಂಗ್ ಪ್ರಕರಣ ಇಲ್ಲಿ ಮುಖ್ಯ. ಸ್ಕಿಜೋಫ್ರೇನಿಯಾ ಬಗೆಯ ಕಾಯಿಲೆಯೆಂದು 1977ರಲ್ಲಿ ಕಳಿಸಲಾಗಿದ್ದ ಸೈನಿಕನ ಕಡತವನ್ನು ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ತೆರೆದು ನೋಡಿ, ಮನೋವೈದ್ಯರ ಅಭಿಪ್ರಾಯವನ್ನು ಕಣ್ಣುಮುಚ್ಚಿ ಒಪ್ಪಲಾಗದೆಂದು ಮರುಪರಿಶೀಲನಾ ಮಂಡಳಿ ರಚಿಸಲು ಆದೇಶಿಸಿತು. ಅದೇ ದಿನ ಹೊರಬಿದ್ದ ಧರಮ್‌ವೀರ್ ಸಿಂಗ್ ತೀರ್ಪು ಇನ್ನೂ ಹೆಚ್ಚು ಉಲ್ಲೇಖಗೊಳ್ಳುತ್ತದೆ: ಭರ್ತಿಯ ವೇಳೆ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ, ಮುಂದೆ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆನ್ನುವ ಮಂಡಳಿ ಕಾರಣ ಬರೆಯಬೇಕು, ಸಂಶಯದ ಲಾಭ ಸೈನಿಕನಿಗೆ. ‘ಹುಟ್ಟಿನಿಂದ ಬಂದ ಸ್ವಭಾವ’ ಎಂಬ ಒಂದು ಸಾಲಿನಲ್ಲಿ ಮಾನಸಿಕ ಕಾಯಿಲೆಗಳನ್ನು ಮುಗಿಸಿಬಿಡುವ ಅಭ್ಯಾಸಕ್ಕೆ ಈ ತೀರ್ಪು ದೊಡ್ಡ ಪೆಟ್ಟು.

ಅರೆಸೇನಾ ಪಡೆಯ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣದಲ್ಲಿ (2021ರ ಡಿಸೆಂಬರ್ 17) ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಗೀಳು ಮತ್ತು ಖಿನ್ನತೆಯಿಂದ ಬಳಲುತ್ತಿದ್ದ ಸಿಆರ್‌ಪಿಎಫ್ ಅಧಿಕಾರಿಯ ಮೇಲಿನ ಶಿಸ್ತು ಕ್ರಮವನ್ನು ಅದು ತಾರತಮ್ಯವೆಂದು ಕರೆದು, ಮೂಲ ಹುದ್ದೆಗೆ ಯೋಗ್ಯನಲ್ಲದಿದ್ದರೆ ಸಂಬಳ ಕಡಿಮೆಯಾಗದಂತೆ ಬೇರೆ ಕೆಲಸಕ್ಕೆ ಹಾಕಬೇಕೆಂದಿತು. ಭೂಸೇನೆಗೆ ಇದು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಆಯುಧ ಹಿಡಿಯಲಾರದವನು ಯಾವ ಕೆಲಸವನ್ನೂ ಮಾಡಲಾರ ಎಂಬ ಹಳೆಯ ತರ್ಕ ಇದರಿಂದ ಸಡಿಲವಾಗಿದೆ.

ಪಿಂಚಣಿ ಮತ್ತು ಮಾಜಿ ಸೈನಿಕನ ಸ್ಥಾನ

ಕಾಯಿಲೆ ಸೇವೆಯಿಂದ ಬಂದದ್ದು ಅಥವಾ ಉಲ್ಬಣಿಸಿದ್ದು ಎಂದಾಗಿ ಅಂಗವೈಕಲ್ಯ ಶೇ 20 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅಂಗವೈಕಲ್ಯ ಪಿಂಚಣಿ ದೊರೆಯುತ್ತದೆ. ಬೋರ್ಡ್ ಔಟ್ ಮಾಡಿದ ಮೇಲೆ ವೈಕಲ್ಯ ಶೇ 20ಕ್ಕಿಂತ ಹೆಚ್ಚಿದೆ ಎಂದೇ ಭಾವಿಸಬೇಕೆಂದು ಸುಖ್ವಿಂದರ್ ಸಿಂಗ್ ಪ್ರಕರಣ (2014) ಹೇಳಿತು. ಹತ್ತು ವರ್ಷ ಸೇವೆ ತುಂಬದವರಿಗೆ ಮೊದಲು ಇನ್‌ವ್ಯಾಲಿಡ್ ಪಿಂಚಣಿ (ಅಯೋಗ್ಯರೆಂದು ಹೊರಬಂದವರಿಗೆ ಕೊಡುವ ಪಿಂಚಣಿ) ಇರಲಿಲ್ಲ. 2019ರ ಜನವರಿ 4ರಂದು ಅಥವಾ ಅನಂತರ ಸೇವೆಯಲ್ಲಿದ್ದವರಿಗೆ ಅದನ್ನು ವಿಸ್ತರಿಸುವ ನಿರ್ಧಾರ 2020ರ ಜುಲೈನಲ್ಲಿ ಬಂತು. ಅಗ್ನಿಪಥದಡಿ ಸೇರಿದ ಅಗ್ನಿವೀರರಿಗೆ ಪಿಂಚಣಿ ಇಲ್ಲ. ಸೇವೆಗೆ ಸಂಬಂಧಿಸಿದ ವೈಕಲ್ಯ ಶೇ 100, 75, 50 ಇದ್ದರೆ ಕ್ರಮವಾಗಿ 44, 25, 15 ಲಕ್ಷ ರೂಪಾಯಿ ಒಂದಾವರ್ತಿ ಪರಿಹಾರವಿದೆ. 

ಅಂಗವೈಕಲ್ಯ ಪಿಂಚಣಿ ಪಡೆದು ವೈದ್ಯಕೀಯ ಕಾರಣಕ್ಕೆ ಬಂದವರು ‘ಮಾಜಿ ಸೈನಿಕ’ ವ್ಯಾಖ್ಯೆಯೊಳಗೆ ಸೇರುತ್ತಾರೆ. ಸರ್ಕಾರಿ ನೌಕರಿಯ ಮೀಸಲಾತಿ ಮತ್ತು ವಯಸ್ಸಿನ ರಿಯಾಯಿತಿ ಅವರಿಗೂ ಸಲ್ಲುತ್ತದೆ. ಅನೇಕರಿಗೆ ಮರುಭರ್ತಿಗಿಂತ ಇದೇ ಕೈಗೆಟುಕುವ ದಾರಿ.

ಚಿಕಿತ್ಸೆ

ಆತಂಕದ ಕಾಯಿಲೆಗೆ ಮಾತಿನ ಚಿಕಿತ್ಸೆ ಮತ್ತು ಔಷಧ ಎರಡೂ ಇವೆ, ಗುಣವಾಗುವವರು ಬಹಳ. ಲಕ್ಷ್ಮೇಶ್ವರ ಭಾಗದವರಿಗೆ ಹತ್ತಿರದ ದೊಡ್ಡ ಕೇಂದ್ರ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇನ್ನೂ ಸಮೀಪ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ದೊರೆಯುತ್ತದೆ. ಸಶಸ್ತ್ರ ಪಡೆಗಳಿಗಾಗಿ ಅದರ ಪ್ರತ್ಯೇಕ ಘಟಕ 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಯಿತು. ನಾಗರಿಕ ಆಸ್ಪತ್ರೆಯ ‘ಗುಣವಾಗಿದೆ’ ಎಂಬ ಪತ್ರ ಸೇನಾ ಮಂಡಳಿಯನ್ನು ಕಟ್ಟಿಹಾಕುವುದಿಲ್ಲ. ಆದರೆ ಮರುಪರಿಶೀಲನೆ ಕೋರುವಾಗ ಕ್ರಮವಾಗಿ ಇಟ್ಟುಕೊಂಡ ಚಿಕಿತ್ಸಾ ದಾಖಲೆಗೆ ತೂಕವಿದೆ.

ದಾವೆಯ ಕಾಲಮಿತಿ

ಕರ್ನಾಟಕದ ಸೈನಿಕರ ಅರ್ಜಿಗಳನ್ನು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠ ವಿಚಾರಿಸುತ್ತದೆ. 2007ರ ಕಾಯಿದೆಯಂತೆ ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು; ತಡವಾದರೆ ಸಕಾರಣ ತೋರಿಸಬೇಕು. ಪಿಂಚಣಿಯ ಹಕ್ಕು ತಿಂಗಳು ತಿಂಗಳೂ ಹೊಸದಾಗಿ ಹುಟ್ಟುವುದರಿಂದ ಎಷ್ಟೋ ವರ್ಷಗಳ ನಂತರವೂ ಕೇಳಬಹುದು, ಆದರೆ ಬಾಕಿ ಮೊತ್ತ ಮೂರು ವರ್ಷದ್ದಕ್ಕೆ ಸೀಮಿತ ಎಂದು ತರ್ಸೇಮ್ ಸಿಂಗ್ ಪ್ರಕರಣ (2008) ನಿಗದಿ ಮಾಡಿದೆ. ಸೇವೆಗೆ ಮರಳಿಸಿ ಎಂಬ ಬೇಡಿಕೆಗೆ ಈ ವಿನಾಯಿತಿ ಸಿಗುವುದಿಲ್ಲ. ಊರಿಗೆ ಬಂದು ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಅದರ ಗಡುವು ಮೀರಿರುತ್ತದೆ.