ಸಿಪಾಯಿ ಕೆಲಸ ಕೊಟ್ಟದ್ದೇನು?

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬೆಳೆದ ದಲಿತ ಹುಡುಗನಿಗೆ ಸೈನ್ಯ ಸೇರೆಂದು ಹೇಳಬಹುದೇ? ಉತ್ತರಕ್ಕೆ ಮುನ್ನ ಮಹಾರರ ಕಥೆ ನೋಡಿ. ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯ ಅವರನ್ನು ಸೇರಿಸಿಕೊಂಡಿತು. ಕೋವಿಗಿಂತ ಹೆಚ್ಚಾಗಿ ಅವರಿಗೆ ದಕ್ಕಿದ್ದು ಪಲ್ಟನ್ನಿನ ಶಾಲೆ. ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಲ್ ಸುಬೇದಾರರು, ಸೈನಿಕರ ಶಾಲೆಯ ಉಪಾಧ್ಯಾಯರು. ಮಗ 1891ರಲ್ಲಿ ಹುಟ್ಟಿದ್ದೂ ಮಹೂ ದಂಡಿನಲ್ಲೇ.

ಮರುವರ್ಷದ ಸುಮಾರಿಗೆ ಬ್ರಿಟಿಷರು 'ಯುದ್ಧವೀರ ಜಾತಿ'ಗಳ ಲೆಕ್ಕ ಹಾಕಿ ಮಹಾರರ ಭರ್ತಿ ನಿಲ್ಲಿಸಿದರು. (ವಿಜ್ಞಾನ ಓದಿದ ನನಗೆ ಇದು ವಿಜ್ಞಾನದ ವೇಷ ತೊಟ್ಟ ಜಾತಿಯಾಗಿಯೇ ಕಾಣುತ್ತದೆ.) 1917ರಲ್ಲಿ ಯುದ್ಧಕ್ಕೆ ಜನ ಬೇಕಾಯಿತು, 111ನೇ ಮಹಾರ್ ಪಲ್ಟನ್ ಕಟ್ಟಿದರು, 1921ರಲ್ಲಿ ವಿಸರ್ಜಿಸಿದರು. ಮತ್ತೆ ಮಹಾಯುದ್ಧ ಬಂದಾಗ, 1941ರಲ್ಲಿ, ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಅದು ಉಳಿಯಿತು.

ಹೆಣ್ಣುಮಕ್ಕಳಿಗೂ ದಾರಿಯಿದೆ: 2021ರಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಂದಿಯ ಮೊದಲ ತಂಡ ತರಬೇತಿ ಮುಗಿಸಿತು. ಆದರೆ 2022ರ ಅಗ್ನಿಪಥದಲ್ಲಿ ಸೇವೆ 4 ವರ್ಷ, ಶೇ. 25ರಷ್ಟು ಮಂದಿಗಷ್ಟೇ ಮುಂದುವರಿಕೆ. ಉಳಿದವರಿಗೆ ಇಡುಗಂಟು ಉಂಟು, ಪಿಂಚಣಿ ಇಲ್ಲ. ಸುಬೇದಾರರ ಮನೆಗೆ ನಿವೃತ್ತಿಯ ನಂತರವೂ ಬರುತ್ತಿದ್ದದ್ದು ಆ ಪಿಂಚಣಿಯೇ. ಸಹಿ ಹಾಕುವ ಮುನ್ನ ನಿಮ್ಮ ಮಗ ಷರತ್ತುಗಳನ್ನು ಪೂರ್ತಿ ಓದಲಿ.