ಹಾಡಿನ ಜಮಾ-ಖರ್ಚು

ತೇರಣಾ ನದಿಯ ಧರಣಕ್ಕೆ ಹೆಸರಾದ ಮಾಕಣಿ ನಮ್ಮದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಗಣಪತಿ ಮೆರವಣಿಗೆ ಇರಲಿ, ಲಗ್ನದ ವರಾತ್ ಇರಲಿ, ಡಿಜೆ ಪೆಟ್ಟಿಗೆ ಮಾತ್ರ ಎರಡೂ ಭಾಷೆಯವರನ್ನು ಕುಣಿಸುತ್ತದೆ. ನಮ್ಮ ಓಣಿಯ ಹುಡುಗನೊಬ್ಬ ಕಂಪ್ಯೂಟರಿನಲ್ಲೇ ತಾಳ, ಸ್ವರ ಕೂಡಿಸಿ ಸಂಗೀತ ಮಾಡುತ್ತಾನೆ. ಅದನ್ನು ಇಂಟರ್‌ನೆಟ್ಟಿನಲ್ಲಿ ಮಾರಬೇಕು, ಅದಕ್ಕೆ ದೊಡ್ಡ ಲ್ಯಾಪ್‌ಟಾಪ್ ಬೇಕು ಎಂದು ಅವನ ಹಟ. ಅವನ ತಂದೆ ನನ್ನ ಬಳಿ ಬಂದರು. "ಸಾಹೇಬ್ರ, ಸೋಯಾ ಮಾರಿದ ರೊಕ್ಕೆಲ್ಲಾ ಅದಕ್ಕ ಹೋಗ್ತದ. ಇದರಾಗ ತಿರುಗಿ ಏನರ ಬರ್ತದೇನ್ರಿ?" ಎಂದರು.

ನಾನು ಮ್ಯಾಟ್ರಿಕ್ ಓದಿದವನು, ರಾಗ ತಿಳಿಯದು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಾದ್ದರಿಂದ ಜಮಾ-ಖರ್ಚು ಮಾತ್ರ ತಿಳಿಯುತ್ತದೆ. ಆ ಕಣ್ಣಿನಿಂದಲೇ ಹಾಡಿನ ಗಳಿಕೆಯ ಇತಿಹಾಸ ನೋಡೋಣ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೋಫೋನಿಗೆ ಹಾಡಿದರು. ಹಾಡು ಮುಗಿದ ಮೇಲೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಪ್ಲೇಟುಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡು ಎಂಬುದು ಅಲ್ಲಿಯವರಿಗೆ ತಿಳಿಯಲೆಂದು ಆ ಏರ್ಪಾಡು. ಅಷ್ಟು ಹೆಸರು ಮಾಡಿದ ಆ ತಾಯಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹೆಸರು ಬೇರೆ, ಗಳಿಕೆ ಬೇರೆ ಎಂಬುದಕ್ಕೆ ಇದು ಮೊದಲ ಪಾಠ.

ಸಿನೆಮಾ ಕಾಲದಲ್ಲೂ ಪಾಠ ಬದಲಾಗಲಿಲ್ಲ. 1957ರಲ್ಲಿ ಕೃತಿಸ್ವಾಮ್ಯ ಕಾಯಿದೆ ಬಂತು. ಆದರೆ ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿದ ಸಿನೆಮಾ ಹಾಡಿನ ಒಡೆಯ ನಿರ್ಮಾಪಕನೇ ಎಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಮ್ಮೆ ಕೂಲಿ ಪಡೆದರೆ ಲೆಕ್ಕ ಚುಕ್ತಾ. ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದಲ್ಲಿ ಕವಿಗೂ ಸಂಗೀತಗಾರನಿಗೂ ಸಮಪಾಲು ಸಿಗಬೇಕೆಂಬ ತಿದ್ದುಪಡಿ ಬಂದದ್ದು 2012ರಲ್ಲಿ.

ಇನ್ನು ಯಂತ್ರದ ಸಂಗೀತಕ್ಕೆ ಬರೋಣ. ನಮ್ಮ ಮುಂಬಯಿಯಲ್ಲೇ ಚರಣಜೀತ್ ಸಿಂಗ್ ಎಂಬ ಸಿನೆಮಾ ವಾದ್ಯಗಾರರಿದ್ದರು. 1982ರಲ್ಲಿ ಅವರು ರೋಲ್ಯಾಂಡ್ ಕಂಪನಿಯ ಸಿಂಥಸೈಸರ್ ಮತ್ತು ತಾಳದ ಯಂತ್ರಗಳಲ್ಲಿ ಹತ್ತು ರಾಗ ನುಡಿಸಿ ಒಂದು ರೆಕಾರ್ಡು ತಂದರು. ಆಗ ಕೊಳ್ಳುವವರು ಸಿಗಲಿಲ್ಲ. ಐದಾರು ವರ್ಷದ ನಂತರ ಅಮೆರಿಕದ ಶಿಕಾಗೋದಲ್ಲಿ ಅದೇ ಯಂತ್ರಗಳಿಂದ ಅಂಥದೇ ನಾದ ಹೊರಟು ಜಗತ್ತನ್ನು ಕುಣಿಸಿತು. ಸಿಂಗ್ ಅವರ ರೆಕಾರ್ಡು 2010ರಲ್ಲಿ ಯುರೋಪಿನಲ್ಲಿ ಮತ್ತೆ ಅಚ್ಚಾಯಿತು; ಇಳಿವಯಸ್ಸಿನಲ್ಲಿ ಅವರು ಅಲ್ಲಿಗೆ ಹೋಗಿ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು. ಬೆಲೆ ತಿಳಿಯಲು ಇಪ್ಪತ್ತೆಂಟು ವರ್ಷ ಬೇಕಾಯಿತು ನೋಡಿರಿ.

ಈಗ ಅಂಗಡಿಯೇ ಬದಲಾಗಿದೆ. 2003ರಲ್ಲಿ ಆ್ಯಪಲ್ ಕಂಪನಿ ಹಾಡೊಂದಕ್ಕೆ 99 ಸೆಂಟಿನಂತೆ ಮಾರಲು ತೊಡಗಿತು. ಹೆಚ್ಚುಕಡಿಮೆ ಮೂವತ್ತು ಪಾಲು ಅಂಗಡಿಗೆ. 2008ರಲ್ಲಿ ಬಂದ ಬ್ಯಾಂಡ್‌ಕ್ಯಾಂಪ್ ಎಂಬ ಅಂಗಡಿ ನೂರಕ್ಕೆ ಹದಿನೈದನ್ನಷ್ಟೇ ಹಿಡಿಯುತ್ತದೆ. ಹಣ ಸಾಗಿಸುವ ಖರ್ಚೂ ಕಳೆದು ಕಲಾವಿದನಿಗೆ ಸರಾಸರಿ 82 ಉಳಿಯುತ್ತದೆ. ಗೌಹರ್ ಜಾನರ ಕಾಲಕ್ಕೆ ಹೋಲಿಸಿದರೆ ಇದು ರಾಜಪಾಲು.

ಆದರೆ ಪಾಲು ದೊಡ್ಡದಿದ್ದರೆ ಸಾಲದು, ಗಿರಾಕಿ ಬೇಕು. ಹಾಡೊಂದಕ್ಕೆ 50 ರೂಪಾಯಿ ಬೆಲೆ ಹಿಡಿಯೋಣ. ಕೈಗೆ ಬರುವುದು 41. ತಿಂಗಳಿಗೆ 10,000 ರೂಪಾಯಿ ಬರಬೇಕಾದರೆ ತಿಂಗಳು ತಿಂಗಳೂ 244 ಪ್ರತಿ ಮಾರಬೇಕು. ಜನರೋ, ಈಗ ಹಾಡು ಕೊಳ್ಳುವುದನ್ನು ಬಿಟ್ಟು ಸುಮ್ಮನೆ ಕೇಳುತ್ತಾರೆ. ಅಂಥ ಕೇಳಿಸುವ ಸೇವೆಗಳಲ್ಲಿ ಒಂದಾದ ಸ್ಪಾಟಿಫೈ 2019ರಲ್ಲಿ ಭಾರತಕ್ಕೆ ಬಂತು. ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳದ ಹಾಡಿಗೆ ರೆಕಾರ್ಡಿಂಗಿನ ರಾಯಧನವೇ ಇಲ್ಲವೆಂದು 2024ರಿಂದ ಅದರ ನಿಯಮ.

ಇನ್ನೊಂದು ಎಚ್ಚರಿಕೆ. ಸಿನೆಮಾ ಹಾಡಿಗೆ ಡಿಜೆ ತಾಳ ಜೋಡಿಸಿದ ಮಾತ್ರಕ್ಕೆ ಅದು ನಿಮ್ಮದಾಗದು. ಕವಿಯದು, ಸಂಗೀತಗಾರನದು, ರೆಕಾರ್ಡು ಮಾಡಿಸಿದವನದು ಹಕ್ಕು ಇರುತ್ತದೆ. ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ.

ಈ ಲೆಕ್ಕವನ್ನೆಲ್ಲ ಒಂದು ಕಾಗದದ ಮೇಲೆ ಬರೆದು ತಂದೆ-ಮಗನ ಮುಂದಿಟ್ಟೆ. ಸೋಯಾ ರೊಕ್ಕ ಮುಟ್ಟಬೇಡಿರಿ, ಇದ್ದ ಯಂತ್ರದಲ್ಲೇ ಒಂದು ವರ್ಷ ಸ್ವಂತದ್ದನ್ನು ಮಾಡಲಿ, ತನ್ನ ಹೆಸರು ಹಾಕಲಿ, ಬಂದದ್ದನ್ನು ಹೋದದ್ದನ್ನು ಬರೆದಿಡಲಿ ಎಂದೆ. ತಂದೆಯ ಮುಖ ಹಗುರಾಯಿತು. ಹುಡುಗ ಕಾಗದವನ್ನು ಬಹಳ ಹೊತ್ತು ನೋಡಿದ.

"ಅಜ್ಜಾ, ಆ ಸಿಂಗ್ ಅವ್ರು ಲೆಕ್ಕಾ ಹಾಕಿ ಕುಂತಿದ್ರ ಆ ರೆಕಾರ್ಡು ಬರ್ತಿತ್ತೇನು?" ಎಂದ.

ಬರುತ್ತಿರಲಿಲ್ಲ, ತಮ್ಮಾ, ಎಂದೆ. ಆದರೂ ನನ್ನ ಸಲಹೆ ಬದಲಿಸಲಿಲ್ಲ. ಬಂಧುಗಳೇ, ನಿಮ್ಮ ಮನೆಯಲ್ಲೂ ಇಂಥ ಹುಡುಗನಿದ್ದರೆ ಲೆಕ್ಕ ತೋರಿಸಿರಿ. ಆಮೇಲೆ ಒಂದು ಸಲ ಅವನ ಹಾಡನ್ನೂ ಪೂರ್ತಿ ಕೂತು ಕೇಳಿರಿ. ನಾನು ಕೇಳಿದೆ.