ಸ್ವವಿವರದಲ್ಲಿ ಉದ್ಯೋಗಾನುಭವ

ಸ್ವವಿವರದಲ್ಲಿ ಉದ್ಯೋಗಾನುಭವ ಎಂದರೆ ಕೆಲಸಕ್ಕೆ ಅರ್ಜಿ ಸಲ್ಲಿಸುವ ವ್ಯಕ್ತಿಯು ತಾನು ಹಿಂದೆ ದುಡಿದ ಸಂಸ್ಥೆ, ಹುದ್ದೆ, ಅವಧಿ ಹಾಗೂ ನಿರ್ವಹಿಸಿದ ಹೊಣೆಗಳನ್ನು ತಿಳಿಸುವ ಭಾಗ. ಸ್ವವಿವರವನ್ನು ಬಯೋಡೇಟಾ, ರೆಸ್ಯೂಮೆ ಎಂದೂ ಕರೆಯುತ್ತಾರೆ. ಅದು ಅರ್ಜಿದಾರರೇ ಆಯ್ದು ಬರೆಯುವ ಸಂಕ್ಷಿಪ್ತ ಪರಿಚಯವಾದ್ದರಿಂದ, ಮಾಡಿದ ಎಲ್ಲ ಕೆಲಸಗಳನ್ನೂ ಸೇರಿಸಬೇಕೆಂಬ ನಿಯಮವಿಲ್ಲ. ಆದರೆ ನೇಮಕಾತಿಯ ಮುಂದಿನ ಹಂತದಲ್ಲಿ ಸಹಿ ಮಾಡಿ ಕೊಡುವ ನಮೂನೆಗಳು ಪೂರ್ಣ ವಿವರವನ್ನು ಕೇಳಬಹುದು. ಸ್ವವಿವರದಲ್ಲಿ ಬಿಡಬಹುದಾದ ಕೆಲಸವನ್ನು ಅಂತಹ ನಮೂನೆಯಲ್ಲಿ ಮರೆಮಾಚುವಂತಿಲ್ಲ.

ಹಿನ್ನೆಲೆ

ಬೆಂಗಳೂರಿನ ಪೂರ್ವ ಭಾಗದ ಮಹದೇವಪುರ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ಉದ್ಯೋಗದ ಸ್ವರೂಪ ಬದಲಾದಂತೆ ಸ್ವವಿವರದ ಮಹತ್ವವೂ ಹೆಚ್ಚಿತು. ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಂತಹ ಸಾರ್ವಜನಿಕ ಉದ್ಯಮಗಳಲ್ಲಿ ನಿವೃತ್ತಿಯವರೆಗೂ ಒಂದೇ ಕಡೆ ದುಡಿಯುವುದು ಸಾಮಾನ್ಯವಾಗಿತ್ತು. 1990ರ ದಶಕದಲ್ಲಿ ಭಾರತ ಮತ್ತು ಸಿಂಗಪುರದ ಸಹಭಾಗಿತ್ವದಲ್ಲಿ ವೈಟ್‌ಫೀಲ್ಡ್ ಬಳಿ ತಲೆಯೆತ್ತಿದ ಐಟಿಪಿಎಲ್ ಹಾಗೂ ನಂತರ ಹೊರವರ್ತುಲ ರಸ್ತೆಯ ಉದ್ದಕ್ಕೂ ಬಂದ ತಂತ್ರಾಂಶ ಸಂಸ್ಥೆಗಳೊಂದಿಗೆ ಕೆಲಸ ಬದಲಿಸುವುದು, ಗುತ್ತಿಗೆಯ ಮೇಲೆ ದುಡಿಯುವುದು ರೂಢಿಗೆ ಬಂದಿತು.

ಆಯ್ಕೆಯ ಮಾನದಂಡಗಳು

ಅರ್ಜಿ ಹಾಕುವ ಹುದ್ದೆಗೆ ಸಂಬಂಧಿಸಿದ ಅನುಭವಕ್ಕೆ ಸಾಮಾನ್ಯವಾಗಿ ಆದ್ಯತೆ ದೊರೆಯುತ್ತದೆ. ಇತ್ತೀಚಿನ ಕೆಲಸವನ್ನು ಮೊದಲು ಬರೆದು, ಹಳೆಯ ಕೆಲಸಗಳನ್ನು ಒಂದೊಂದು ಸಾಲಿನಲ್ಲಿ ಸಂಕ್ಷೇಪಿಸುವುದು ವಾಡಿಕೆ.

* ಹೊಸಬರು: ಅಂಗಡಿ, ಹೋಟೆಲ್ ಅಥವಾ ಮನೆಪಾಠದ ಅರೆಕಾಲಿಕ ಕೆಲಸವೂ ಸಮಯಪಾಲನೆ, ಲೆಕ್ಕ ಮತ್ತು ಗ್ರಾಹಕರೊಂದಿಗಿನ ವ್ಯವಹಾರದ ಅನುಭವವನ್ನು ತೋರಿಸುತ್ತದೆ. ಅನುಭವ ಹೆಚ್ಚಿದ ಮೇಲೆ ಇವನ್ನು ಕೈಬಿಡಬಹುದು.
* ಶಿಶಿಕ್ಷು ತರಬೇತಿ: 1961ರ ಶಿಶಿಕ್ಷು ಅಧಿನಿಯಮದಡಿ ತರಬೇತಿ ಪಡೆಯುವವರು ಭವಿಷ್ಯ ನಿಧಿಯ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ತರಬೇತಿಯ ಪ್ರಮಾಣಪತ್ರವೇ ಅವರ ಮುಖ್ಯ ಪುರಾವೆ.
* ಗುತ್ತಿಗೆ ಕೆಲಸ: ವೇತನ ಮತ್ತು ಭವಿಷ್ಯ ನಿಧಿ ಪಾವತಿಸಿದ ಸಂಸ್ಥೆಯನ್ನು ಉದ್ಯೋಗದಾತ ಎಂದು ನಮೂದಿಸಿ, ಕೆಲಸ ನಡೆದ ಸಂಸ್ಥೆಯನ್ನು ಗ್ರಾಹಕ ಸಂಸ್ಥೆ ಎಂದು ಪ್ರತ್ಯೇಕವಾಗಿ ತಿಳಿಸಬೇಕಾಗುತ್ತದೆ. ದೊಡ್ಡ ಹೆಸರಿನ ಗ್ರಾಹಕ ಸಂಸ್ಥೆಯನ್ನೇ ಉದ್ಯೋಗದಾತನೆಂದು ಬರೆದರೆ ಪರಿಶೀಲನೆಯಲ್ಲಿ ಅದು ಸುಳ್ಳು ಮಾಹಿತಿಯಾಗಿ ಕಾಣುತ್ತದೆ.
* ಕಿರು ಅವಧಿಯ ಕೆಲಸ: ಕೆಲವೇ ವಾರ ಮಾಡಿದ, ಸಂಬಂಧವಿಲ್ಲದ ಕೆಲಸವನ್ನು ಸ್ವವಿವರದಿಂದ ಬಿಡಬಹುದು. ಆ ಅಂತರವನ್ನು ಮುಚ್ಚಲು ಹಿಂದಿನ ಅಥವಾ ಮುಂದಿನ ಕೆಲಸದ ದಿನಾಂಕಗಳನ್ನು ಹಿಗ್ಗಿಸುವುದು ಸರಿಯಲ್ಲ.
* ವಿರಾಮ: ಹೆರಿಗೆ, ಅನಾರೋಗ್ಯ, ವ್ಯಾಸಂಗ ಅಥವಾ ಪರೀಕ್ಷಾ ಸಿದ್ಧತೆಗಾಗಿ ಕೆಲಸದಿಂದ ದೂರವಿದ್ದ ಅವಧಿಯನ್ನು ಒಂದು ಸಾಲಿನಲ್ಲಿ ಸೂಚಿಸಿದರೆ ಸಾಕು.

ದಾಖಲೆಗಳ ಪರಿಶೀಲನೆ

ನೇಮಕಾತಿ ಪತ್ರ, ವೇತನ ಚೀಟಿ, ಅನುಭವ ಪತ್ರ ಮತ್ತು ರಿಲೀವಿಂಗ್ ಲೆಟರ್‌ಗಳನ್ನು ಸಂಸ್ಥೆಗಳು ಕೇಳುತ್ತವೆ. ಮಾಹಿತಿ ತಂತ್ರಜ್ಞಾನ ಕ್ಷೇತ್ರದ ಉದ್ಯೋಗಿಗಳ ವಿವರಗಳನ್ನು ಪರಿಶೀಲಿಸಿ ಇಡಲು ನಾಸ್ಕಾಂ 2006ರಲ್ಲಿ ರಾಷ್ಟ್ರೀಯ ಕೌಶಲ ನೋಂದಣಿ ವ್ಯವಸ್ಥೆಯನ್ನು ಆರಂಭಿಸಿತು. 2014ರಲ್ಲಿ ಜಾರಿಗೆ ಬಂದ ಯುಎಎನ್ ಒಬ್ಬ ಸದಸ್ಯರ ಬೇರೆ ಬೇರೆ ಸಂಸ್ಥೆಗಳ ಭವಿಷ್ಯ ನಿಧಿ ಖಾತೆಗಳನ್ನು ಒಂದೇ ಸಂಖ್ಯೆಯಡಿ ತಂದಿತು. ಅದರ ಸೇವಾ ವಿವರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕಗಳು ಕಾಣುವುದರಿಂದ, ಬಿಟ್ಟುಹೋದ ಕೆಲಸ ಪರಿಶೀಲನೆಯ ವೇಳೆ ಬೆಳಕಿಗೆ ಬರಬಹುದು. ಭವಿಷ್ಯ ನಿಧಿ ಕಾಯಿದೆ ಸಾಮಾನ್ಯವಾಗಿ 20 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ ಅನ್ವಯವಾಗುವುದರಿಂದ ಸಣ್ಣ ಅಂಗಡಿಗಳ ಕೆಲಸ ಇದರಲ್ಲಿ ಇಲ್ಲದಿರಬಹುದು.

ಹಳೆಯ ಕೆಲಸವನ್ನು ಮುಚ್ಚಿಡಲು ಎರಡನೆಯ ಯುಎಎನ್ ಪಡೆಯುವುದು ನಿಯಮಬಾಹಿರ. ನೌಕರರ ಪಿಂಚಣಿ ಯೋಜನೆಯಡಿ ಮಾಸಿಕ ಪಿಂಚಣಿಗೆ 10 ವರ್ಷಗಳ ಅರ್ಹ ಸೇವೆ ಬೇಕಾಗಿದ್ದು, ಜೋಡಣೆಯಾಗದ ಸೇವೆ ಲೆಕ್ಕಕ್ಕೆ ಸಿಗದೆ ಸದಸ್ಯರಿಗೇ ನಷ್ಟವಾಗಬಹುದು. ದಾಖಲೆಯಲ್ಲಿನ ದಿನಾಂಕ ತಪ್ಪಾಗಿದ್ದರೆ ಉದ್ಯೋಗದಾತರೊಂದಿಗೆ ಜಂಟಿ ಘೋಷಣೆ ಸಲ್ಲಿಸಿ ತಿದ್ದಿಸಿಕೊಳ್ಳುವ ಅವಕಾಶವಿದೆ. ಹೊಸ ಸಂಸ್ಥೆಗೆ ಅರ್ಜಿ ಹಾಕುವ ಮೊದಲೇ ಸೇವಾ ವಿವರವನ್ನು ಸ್ವವಿವರದೊಂದಿಗೆ ಹೋಲಿಸಿ ನೋಡುವುದು ಇದಕ್ಕೆ ನೆರವಾಗುತ್ತದೆ.